ಕೆರೆ ಕಾಯುವವರು ಮೊದಲು ಗುಡ್ಡ ಹತ್ತಬೇಕು



ನಿಮ್ಮೂರಿನ ಕೆರೆ ಉಳಿಸಬೇಕೆಂದು ಗುಂಪು ಕಟ್ಟಿಕೊಂಡಿದ್ದೀರಿ ಎಂದು ಕೇಳಿ ಮನಸ್ಸು ತುಂಬಿ ಬಂತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರೂ ತಾಲ್ಲೂಕುಗಳಲ್ಲಿ ಈಗ ನಿಮ್ಮಂಥವರು ಅಲ್ಲಲ್ಲಿ ಕಾಣುತ್ತಾರೆ. ರವಿವಾರ ಬೆಳಗಾದರೆ ಸಲಿಕೆ, ಬುಟ್ಟಿ ಹಿಡಿದು ಏರಿಯ ಮೇಲಿನ ಪ್ಲಾಸ್ಟಿಕ್ ಆರಿಸುತ್ತಾರೆ, ಜಾಲಿ ಕಡಿಯುತ್ತಾರೆ, ದಂಡೆಗೆ ನಾಲ್ಕು ಬೇವು ಹಚ್ಚುತ್ತಾರೆ. ಮಾಡಿರಿ, ಬಿಡಬೇಡಿರಿ. ಆದರೆ ಈ ಸೀಮೆಯ ಮಳೆ, ಬರ ಎರಡನ್ನೂ ನಿಮಗಿಂತ ಹೆಚ್ಚು ಕಂಡವನಾಗಿ ಒಂದು ಮಾತು ಹೇಳಬೇಕಿದೆ. ಕೆರೆಯ ಕೆಲಸ ಕೆರೆಯ ದಂಡೆಯಲ್ಲಿ ಶುರುವಾಗುವುದಿಲ್ಲ. ನೀರು ಯಾವ ದಾರಿಯಿಂದ ಬರುತ್ತದೋ ಆ ದಾರಿ ಹಿಡಿದು ಮೇಲಕ್ಕೆ ನಡೆಯಿರಿ. ಹಳ್ಳ ದಾಟಿ, ಹೊಲ ದಾಟಿ, ಗಾಯರಾಣ ದಾಟಿ, ಗುಡ್ಡದ ನೆತ್ತಿಯವರೆಗೆ. ಅಲ್ಲಿ ನಿಂತು ತಿರುಗಿ ನೋಡಿದಾಗ ಕಾಣುವ ಇಳಿಜಾರೆಲ್ಲ ನಿಮ್ಮ ಕೆರೆಯೇ. ಕೆಳಗೆ ನೀರು ನಿಂತ ಜಾಗ ಅದರ ಕೊನೆಯ ತುದಿ.

ಒಂದು ಲೆಕ್ಕ ಹೇಳುತ್ತೇನೆ, ನೆನಪಿನಲ್ಲಿಡಿ. ಒಂದು ಎಕರೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ನಮ್ಮ ಹಾವೇರಿ ಜಿಲ್ಲೆಗೆ ವರ್ಷಕ್ಕೆ ಸರಾಸರಿ 750 ಮಿಲಿಮೀಟರ್ ಆಸುಪಾಸು ಮಳೆ. ಅಂದರೆ ಹೆಚ್ಚುಕಡಿಮೆ 30 ಇಂಚು. ಪಶ್ಚಿಮದ ಹಾನಗಲ್ಲಿನ ಕಡೆ ಇದಕ್ಕಿಂತ ಹೆಚ್ಚು, ಪೂರ್ವಕ್ಕೆ ರಾಣೆಬೆನ್ನೂರಿನ ಕಡೆ ಕಡಿಮೆ. ನಿಮ್ಮ ಕೆರೆಗೆ 500 ಎಕರೆಯ ಇಳಿಜಾರು ಇದ್ದು, ಒಂದು ಇಂಚಿನ ಮಳೆಯಲ್ಲಿ ಐದನೇ ಒಂದು ಭಾಗ ಹರಿದು ಬಂದರೂ 1 ಕೋಟಿ ಲೀಟರ್ ಆಯಿತು. ಇಷ್ಟು ನೀರನ್ನು ಟ್ಯಾಂಕರಿನಲ್ಲಿ ತರಲಾಗದು. ಅದು ತಾನಾಗಿ ಬರುತ್ತದೆ, ದಾರಿ ಬಿಟ್ಟರೆ.

ಮೇಲಿನಿಂದ ಶುರುಮಾಡೋಣ. ಗುಡ್ಡ, ಗಾಯರಾಣ, ಹುಲ್ಲುಬನಿ ಎಂದು ನಾವು ಕರೆಯುವ ಜಾಗಗಳು ಕಾಗದದಲ್ಲಿ ಪಾಳು ಭೂಮಿ. ಪಾಳು ಎಂದು ಬರೆದದ್ದರ ಮೇಲೆ ಎಲ್ಲರ ಕಣ್ಣು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ನಡೆದ ದೊಡ್ಡ ಕಥೆಯೊಂದಿದೆ. ನೀವು ಹುಟ್ಟುವ ಮೊದಲಿನದು. ಶಾಲೆಯ ಪುಸ್ತಕದಲ್ಲಿ ಸಿಗದಿದ್ದರೂ ಮನೆಯ ಹಿರಿಯರನ್ನು ಕೇಳಿದರೆ ಸಿಕ್ಕೀತು. 1984ರಲ್ಲಿ ಸರ್ಕಾರದ ಅರಣ್ಯ ನಿಗಮವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಅಂದಿನ ಧಾರವಾಡ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಒದಗಿಸುವುದು ಯೋಜನೆ. ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡದ ಭಾಗವಾಗಿತ್ತು, ಜಿಲ್ಲೆಯಾದದ್ದು 1997ರಲ್ಲಿ. ದನ ಮೇಯಿಸುವ, ಸೌದೆ ಆರಿಸುವ, ಹುಲ್ಲು ಕೊಯ್ಯುವ ನೆಲ ಒಂದೇ ಸಹಿಯಲ್ಲಿ ಕೈಬಿಟ್ಟು ಹೋಗುವುದು ಹಳ್ಳಿಯವರಿಗೆ ಗೊತ್ತಾದದ್ದು ಗುಂಡಿ ತೋಡುವಾಗ.

ಜನ ಸುಮ್ಮನೆ ಕೂಡಲಿಲ್ಲ. ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಊರೂರಿಗೆ ಹೋಗಿ ಜನರನ್ನು ಕೂಡಿಸಿತು. ಈ ಹಿರೇಮಠರು ಅಮೆರಿಕದ ನೌಕರಿ ಬಿಟ್ಟು ಬಂದು ಹಳ್ಳಿಯ ಕೆಲಸಕ್ಕೆ ಕುಳಿತದ್ದು ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯಲ್ಲಿ. ಶಿವರಾಮ ಕಾರಂತರು ಮೊದಲ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ಆದರೂ ನೆಡುವುದು ನಿಲ್ಲದಿದ್ದಾಗ 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಸೇರಿದರು. ಸುಮಾರು ನೂರು ನೀಲಗಿರಿ ಸಸಿ ಕಿತ್ತು, ಅದೇ ಜಾಗದಲ್ಲಿ ತಮಗೆ ಹಣ್ಣು, ಮೇವು, ಸೌದೆ ಕೊಡುವ ಸಸಿ ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದೇ ಅದಕ್ಕೆ ಹೆಸರು. ಒಂದು ಕಲ್ಲು ತೂರಲಿಲ್ಲ, ಒಂದು ಬೆಂಕಿ ಹಚ್ಚಲಿಲ್ಲ. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚಬೇಕಾಯಿತು.

ಈ ಕಥೆಯಲ್ಲಿ ನೀವು ಗಮನಿಸಬೇಕಾದದ್ದು ಎರಡನೆಯ ಕೆಲಸವನ್ನು. ಕಿತ್ತವರು ಅಷ್ಟಕ್ಕೇ ನಿಲ್ಲದೆ ಹಚ್ಚಿದರು. ಬರೀ ಬೇಡ ಎಂದವರಾಗಿದ್ದರೆ ಇನ್ನೊಂದು ಯೋಜನೆ ಬಂದು ಅದೇ ನೆಲವನ್ನು ನುಂಗುತ್ತಿತ್ತು. ನಿಮ್ಮ ಗುಡ್ಡದ ಮೇಲೂ ಹಾಗೆಯೇ. ಏನು ಬೇಡ ಎನ್ನುವುದರ ಜೊತೆಗೆ ಏನು ಬೇಕು ಎಂಬುದನ್ನು ಊರವರೊಡನೆ ಕೂತು ತೀರ್ಮಾನಿಸಿ. ಎಲ್ಲ ಕಡೆ ಗಿಡ ನೆಡಲು ಹೋಗಬೇಡಿ ಎಂಬ ಮಾತನ್ನೂ ಸೇರಿಸುತ್ತೇನೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾಯಿತು, 119 ಚದರ ಕಿಲೋಮೀಟರ್. ಅದರ ಬಹುಪಾಲು ನೀಲಗಿರಿ ತೋಪಾಗಿ ಹೋಗಿದೆ. ಬಯಲು ಹುಲ್ಲುಗಾವಲನ್ನೇ ನಂಬಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿ ಒಂದು ಕಾಲಕ್ಕೆ ಅಲ್ಲಿತ್ತು, ಈಗ ಇಲ್ಲ. ನಮ್ಮ ಸೀಮೆಯ ಹುಲ್ಲುಬನಿಗೆ ಹುಲ್ಲೇ ಶ್ರೇಷ್ಠ. ಬೇರು ಒತ್ತೊತ್ತಾಗಿ ಹಿಡಿದ ಹುಲ್ಲು ಮಣ್ಣು ಬಿಡುವುದಿಲ್ಲ, ಕೆರೆಗೆ ತಿಳಿನೀರು ಕೊಡುತ್ತದೆ. ಕುರಿಗಾಹಿಗಳ ಜೊತೆ ಕೂತು, ವರ್ಷಕ್ಕೆ ಒಂದು ಮಗ್ಗುಲನ್ನು ಮಾತ್ರ ಮೇವಿಗೆ ಬಿಡದೆ ಕಾಯ್ದರೆ ಎರಡೇ ಮಳೆಗಾಲದಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅವರನ್ನು ಬಿಟ್ಟು ಬೇಲಿ ಹಾಕಿದರೆ ಬೇಲಿಯೂ ಉಳಿಯದು, ಮನಸ್ಸೂ ಉಳಿಯದು.

ಗುಡ್ಡದ ಕೆಳಗೆ ಹೊಲ. ಈ ಮೂರು ತಾಲ್ಲೂಕುಗಳಲ್ಲಿ ಈಗ ಎಲ್ಲಿ ನೋಡಿದರೂ ಗೋವಿನಜೋಳ, ಹತ್ತಿ. ಬೋರ್ ಇದ್ದಲ್ಲಿ ಅಡಿಕೆ. ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಪೇಟೆ ಕೆಂಪಾಗಿಯೇ ಇದೆ. ಆದರೆ ಅಲ್ಲಿಗೆ ಬರುವ ಮಾಲಿನ ದೊಡ್ಡ ಪಾಲು ಹೊರ ಜಿಲ್ಲೆಗಳದ್ದು. ಯಾವ ಬೆಳೆ ಇಡಬೇಕೆಂದು ರೈತನಿಗೆ ನೀವು ಹೇಳಲು ಹೋಗಬೇಡಿ. ಅವನ ಸಾಲ ಅವನಿಗೆ ಗೊತ್ತು. ಒಡ್ಡಿನ ಬಗ್ಗೆ ಮಾತ್ರ ಮಾತಾಡಿ. ಮಸಾರಿ ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಒಡ್ಡಿನ ಮೇಲೆ ಹುಲ್ಲು ಬಿಡುವುದು, ಹೆಚ್ಚಾದ ನೀರು ಇಳಿಯುವಲ್ಲಿ ಕಲ್ಲು ಜೋಡಿಸುವುದು, ಇಷ್ಟರಿಂದ ಅವನ ಗೊಬ್ಬರ ಅವನ ಹೊಲದಲ್ಲಿ ಉಳಿಯುತ್ತದೆ, ಕೆರೆಗೆ ಹೂಳು ಕಡಿಮೆಯಾಗುತ್ತದೆ. ಲಾಭ ಅವನಿಗೇ ಮೊದಲು. ಹೀಗೆ ಹೇಳಿದರೆ ಕಿವಿಗೊಡುತ್ತಾನೆ.

ಎಲ್ಲಕ್ಕಿಂತ ಕಷ್ಟದ ಕೆಲಸ ಹಳ್ಳದ್ದು. ಹಳ್ಳ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಅಕ್ಕಪಕ್ಕದ ಹೊಲದವರು ವರ್ಷಕ್ಕೆ ಒಂದು ಸಾಲು ಒಳಗೆ ಸರಿಯುತ್ತಾರೆ. ಎತ್ತಿನ ಕಾಲದಲ್ಲಿ ಸಾಲು ಸಣ್ಣದಿತ್ತು, ಟ್ರ್ಯಾಕ್ಟರ್ ಬಂದ ಮೇಲೆ ಒಂದು ತಿರುವಿನಲ್ಲೇ ಮೂರು ಅಡಿ ಹೋಗುತ್ತದೆ. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗಾಡಿ ಹಾಯುವಷ್ಟು ಅಗಲವಿದ್ದ ಹಳ್ಳ ಕುರಿಯೊಂದು ಜಿಗಿಯುವಷ್ಟು ಕಿರಿದಾಗುತ್ತದೆ. ಆಮೇಲೆ ದೊಡ್ಡ ಮಳೆ ಬಂದಾಗ ನೀರು ತನ್ನ ಹಳೆಯ ಜಾಗ ಕೇಳುತ್ತದೆ, ಹೊಲದ ಮೇಲೆಯೇ ಹಾಯುತ್ತದೆ. 2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಊರುಗಳಿಗೆ ನೀರು ನುಗ್ಗಿದ ಹೊತ್ತಿನಲ್ಲಿ ಎಲ್ಲರೂ ನದಿಯನ್ನು ನೋಡಿದರು. ಮೇಲಿನ ಹಳ್ಳಗಳು ಎಷ್ಟು ಕಿರಿದಾಗಿವೆ ಎಂದು ಯಾರೂ ಅಳೆಯಲಿಲ್ಲ.

ಅಳೆಯುವುದು ನಿಮ್ಮ ಕೆಲಸ. ನಮ್ಮ ಕಾಲದಲ್ಲಿ ಒಂದು ನಕಾಶೆಗಾಗಿ ಭೂಮಾಪನ ಕಚೇರಿಯ ಬಾಗಿಲಲ್ಲಿ ಕಾಯಬೇಕಿತ್ತು. ನಿಮ್ಮ ಕೈಯಲ್ಲಿ ಫೋನ್ ಇದೆ. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಹಳ್ಳದ ಗುಂಟ ನಡೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಅದನ್ನು ಪಹಣಿಗೆ, ಗ್ರಾಮ ನಕಾಶೆಗೆ ತಾಳೆ ನೋಡಿ. ಹಳ್ಳ, ದಾರಿ, ಕೆರೆ ಇವು ‘ಬ’ ಖರಾಬು ಎಂದು ದಾಖಲಾಗಿರುತ್ತವೆ. ಅಂದರೆ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ, ಯಾರ ಹೆಸರಿಗೂ ಸಾಗುವಳಿಗೆ ಬರುವಂಥದ್ದಲ್ಲ. ಒಂದು ನೋಟ್‌ಪುಸ್ತಕದಲ್ಲಿ ಸರ್ವೆ ನಂಬರ್, ನಕಾಶೆಯಲ್ಲಿರುವ ಅಗಲ, ಈಗ ಉಳಿದ ಅಗಲ ಎಂದು ಮೂರು ಅಂಕಣ ಹಾಕಿ ಬರೆದುಕೊಳ್ಳಿ. ಯಾರ ಹೆಸರನ್ನೂ ಬರೆಯಬೇಡಿ. ಪುಸ್ತಕ ಊರ ಕಟ್ಟೆಗೆ ಬಂದಾಗ ಹೆಸರು ನೋಡಿದರೆ ಜಗಳ ಹುಟ್ಟುತ್ತದೆ, ಅಡಿ ನೋಡಿದರೆ ಮಾತು ಹುಟ್ಟುತ್ತದೆ.

ಕಾನೂನು ನಿಮ್ಮ ಕಡೆಗಿದೆ, ಅದನ್ನೂ ತಿಳಿದಿರಿ. ಪಂಜಾಬಿನ ಪಟಿಯಾಲಾ ಜಿಲ್ಲೆಯ ಒಂದು ಹಳ್ಳಿಯ ಕೆರೆಯನ್ನು ಒತ್ತಿ ಮನೆ ಕಟ್ಟಿದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಜಗಪಾಲ್ ಸಿಂಗ್ ಪ್ರಕರಣ ಎಂದು ಹೆಸರು. ಊರೊಟ್ಟಿನ ನೆಲದ ಒತ್ತುವರಿ ತೆರವು ಮಾಡಲು ಎಲ್ಲ ರಾಜ್ಯಗಳೂ ವ್ಯವಸ್ಥೆ ಮಾಡಬೇಕು, ಬಹಳ ಕಾಲದಿಂದ ಒತ್ತಿಕೊಂಡಿದ್ದೇವೆ ಎಂಬುದು ನೆಪವಾಗದು ಎಂದು ಅದು ಹೇಳಿತು. ನಮ್ಮಲ್ಲಿ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಅಧಿನಿಯಮವಿದೆ. ಆದರೆ ಮೊದಲ ದಿನವೇ ಕಾನೂನಿನ ಮಾತು ಎತ್ತಬೇಡಿ. ಒತ್ತಿದವರು ಹೊರಗಿನವರಲ್ಲ, ನಿಮ್ಮ ಕಾಕಾ, ನಿಮ್ಮ ಮಾವ, ನಿಮ್ಮ ಗೆಳೆಯನ ಅಪ್ಪ. ಸಂಜೆ ಹೊತ್ತು ಮನೆಗೆ ಹೋಗಿ, ಚಹಾ ಕುಡಿದು, ಕಾಕಾ, ನಕಾಶೆ ಹೀಗೈತಿ, ನೀವೇ ಒಮ್ಮೆ ನೋಡಿರಿ ಅನ್ನಿ. ಅವರು ಅರ್ಧ ಬಿಟ್ಟರೂ ಆ ವರ್ಷಕ್ಕೆ ಗೆದ್ದಂತೆ. ಎಕರೆಗಟ್ಟಲೆ ಒತ್ತಿ ಲೇಔಟ್ ಹಾಕಲು ನಿಂತವನಿಗೆ ಮಾತ್ರ ಚಹಾದ ಮಾತು ಸಾಲದು, ಅಲ್ಲಿ ತಹಶೀಲ್ದಾರರಿಗೆ ಬರಹದಲ್ಲೇ ಅರ್ಜಿ ಕೊಡಿ. ಬಡವನ ಒಂದು ಸಾಲನ್ನೂ ದೊಡ್ಡವನ ಹತ್ತು ಎಕರೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಊರು ನಿಮ್ಮನ್ನು ನಂಬುವುದಿಲ್ಲ.

ಇನ್ನು ಕೆರೆ. ಹೂಳು ತೆಗೆಯುವುದೆಂದರೆ ಜೆಸಿಬಿ ಇಳಿಸಿ ತೋಡುವುದು ಎಂದು ತಿಳಿಯಬೇಡಿ. ನೀರು ಒಳಬರುವ ಬಾಯಿಯ ಹತ್ತಿರ ಮರಳು, ಗರಸು ಮಣ್ಣು ಇರುತ್ತದೆ. ಏರಿಯತ್ತ ಬಂದಂತೆ ನುಣ್ಣನೆಯ ಗೋಡು. ಮುಷ್ಟಿ ಹಿಡಿದು ಹಿಸುಕಿ ನೋಡಿ: ಬೆರಳಿನ ಗೆರೆ ಅದರ ಮೇಲೆ ಮೂಡಿ ಉಂಡೆ ಒಡೆಯದೆ ಉಳಿದರೆ ಅದು ಮಸಾರಿ ಹೊಲಕ್ಕೆ ಬೇಕಾದ ಮಣ್ಣು, ತೇವ ಹಿಡಿದಿಡುತ್ತದೆ. ಎರೆ ಹೊಲಕ್ಕೆ ಅದನ್ನು ಹೊತ್ತು ಪ್ರಯೋಜನ ಕಡಿಮೆ. ಹೂಳಿನ ಪದರ ಮುಗಿದು ಕೆರೆಯ ಮೂಲ ತಳ ಬಂದಲ್ಲಿ ನಿಲ್ಲಿಸಿ. ಅದನ್ನು ಸೀಳಿದರೆ ನೀರು ನಿಲ್ಲುವುದಿಲ್ಲ. ಏರಿಯ ಬುಡಕ್ಕೆ ಬಕೆಟ್ ತಾಗಿಸಲು ಬಿಡಬೇಡಿ. ಇಟ್ಟಿಗೆ ಭಟ್ಟಿಯವರು ಪುಕ್ಕಟೆ ಹೂಳು ತೆಗೆದುಕೊಡುತ್ತೇವೆ ಎಂದು ಬರುತ್ತಾರೆ, ಒಂದೇ ಕಡೆ ಆಳದ ಗುಂಡಿ ತೋಡಿ ಹೋಗುತ್ತಾರೆ, ಮಳೆಗಾಲದಲ್ಲಿ ಆ ಗುಂಡಿಗೆ ಈಜಲು ಇಳಿದ ಮಕ್ಕಳು ಮೇಲೆ ಬರುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ‘ನಮ್ಮೂರು ನಮ್ಮ ಕೆರೆ’ ಎಂಬ ಕೆಲಸದಲ್ಲಿ ಊರಲ್ಲೊಂದು ಕೆರೆ ಸಮಿತಿ ಮಾಡಿಸಿ, ರೈತರೇ ತಮ್ಮ ಟ್ರ್ಯಾಕ್ಟರಿನಲ್ಲಿ ಹೂಳು ಹೊರುವ ಪದ್ಧತಿ ಇಟ್ಟಿದ್ದಾರೆ. ಅದು ಸರಿಯಾದ ದಾರಿ. ತನ್ನ ಡೀಸೆಲ್ ಸುಟ್ಟು ಒಯ್ದ ಮಣ್ಣಿನ ಬೆಲೆ ರೈತನಿಗೆ ಗೊತ್ತಿರುತ್ತದೆ.

ತೂಬನ್ನು ನೋಡಿದ್ದೀರಾ? ಹಳೆಯ ಕೆರೆಗಳಲ್ಲಿ ನೀರಿನೊಳಗೆ ಎರಡು ಕಲ್ಲುಕಂಬ ನಿಂತಿರುತ್ತವೆ, ನಡುವೆ ತೂತು ಕೊರೆದ ಅಡ್ಡಗಲ್ಲು. ಆ ತೂತಿನೊಳಗಿಂದ ಇಳಿಬಿಟ್ಟ ಗಳದ ತುದಿಗೆ ಒಂದು ಬೆಣೆ. ಬೆಣೆ ಎತ್ತಿದಷ್ಟು ನೀರು. ಅದನ್ನು ಎತ್ತಲು ಒಬ್ಬ ಮನುಷ್ಯನಿದ್ದ. ಯಾವ ಹೊಲಕ್ಕೆ ಎಷ್ಟು ಹೊತ್ತು ಎಂಬುದು ಅವನ ಬಾಯಲ್ಲಿತ್ತು, ಅವನಿಗೆ ಸುಗ್ಗಿಯಲ್ಲಿ ಪ್ರತಿ ಕಣದಿಂದ ಕಾಳು ಸಲ್ಲುತ್ತಿತ್ತು. ಈಗ ತೂಬು ಮುಚ್ಚಿದೆ ಅಥವಾ ಒಡೆದಿದೆ, ಏರಿಯ ಮೇಲೆ ಸಾಲಾಗಿ ಮೋಟಾರ್ ಕುಳಿತಿವೆ. ಮೋಟಾರ್ ಇದ್ದವನಿಗೆ ನೀರು, ಇಲ್ಲದವನು ಏರಿಯ ಕೆಳಗೇ ಇದ್ದರೂ ಒಣ ಹೊಲ. ತೂಬನ್ನು ಮತ್ತೆ ಕೆಲಸಕ್ಕೆ ತರುವುದು ನ್ಯಾಯವನ್ನು ಮತ್ತೆ ಕೆಲಸಕ್ಕೆ ತಂದಂತೆ. ಕೋಡಿಯ ಮೇಲೂ ಕಣ್ಣಿರಲಿ. ನೀರು ಹೆಚ್ಚು ನಿಲ್ಲಲಿ ಎಂದು ಒಬ್ಬ ಅದರ ಮೇಲೆ ಮರಳು ಚೀಲ ಪೇರಿಸುತ್ತಾನೆ, ಹಿನ್ನೀರಿನಲ್ಲಿ ಬಿತ್ತಿದ ಇನ್ನೊಬ್ಬ ರಾತ್ರಿ ಬಂದು ಅದನ್ನೇ ಒಡೆಯುತ್ತಾನೆ. ಎರಡರಲ್ಲೂ ಏರಿಗೆ ಅಪಾಯ.

ಪೇಟೆಯಲ್ಲಿ ಇರುವವರಿಗೂ ಇದೇ ಮಾತು ಸಲ್ಲುತ್ತದೆ. ಹಾವೇರಿಯ ಹೆಗ್ಗೇರಿ ಇರಲಿ, ರಾಣೆಬೆನ್ನೂರಿನ ದೊಡ್ಡಕೆರೆ ಇರಲಿ, ಮೇಲಿನ ಬಡಾವಣೆಯ ಚರಂಡಿ ಯಾವ ಕಡೆಗೆ ಇಳಿಯುತ್ತದೆ ಎಂದು ಮೊದಲು ನೋಡಿ. ದಂಡೆಗೆ ಟೈಲ್ಸ್ ಹಾಕಿ, ಬೆಂಚು ಇಟ್ಟು, ದೀಪ ಹಚ್ಚಿದರೆ ನೋಡಲು ಚೆನ್ನ. ಆದರೆ ಚರಂಡಿ ನೀರು ಬರುತ್ತಿರುವ ತನಕ ಜಲಕಳೆ ತೆಗೆದಷ್ಟೂ ಬೆಳೆಯುತ್ತದೆ, ಏಕೆಂದರೆ ಅದರ ಊಟ ದಿನವೂ ಬರುತ್ತಿದೆ.

ಈಗ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿ. ನಿಮ್ಮ ಸಂಘ ಹಣ ಮುಗಿದ ದಿನ ಸಾಯಬಾರದು. ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ಅನುಭವ ಸಾಕಷ್ಟಿದೆ. ವಿಶ್ವಬ್ಯಾಂಕಿನ ನೆರವಿನಲ್ಲಿ 2001ರಿಂದ ಸುಜಲ ಜಲಾನಯನ ಯೋಜನೆ ನಡೆದ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಅದರ ಬೆನ್ನಿಗೇ, 2002ರಲ್ಲಿ, ಜಲ ಸಂವರ್ಧನೆ ಯೋಜನಾ ಸಂಘದ ಕೆರೆ ಕೆಲಸ ಬಂತು. ಕೆರೆ ಬಳಕೆದಾರರ ಸಂಘಗಳು ರಚನೆಯಾದವು, ಊರವರ ವಂತಿಗೆ ಸೇರಿತು, ಏರಿ ತೂಬು ದುರಸ್ತಿಯಾದವು. ಒಳ್ಳೆಯ ವಿಚಾರ, ಒಳ್ಳೆಯ ಕೆಲಸವೂ ಆಯಿತು. ಯೋಜನೆಯ ಕಾಲ ಮುಗಿದ ಮೇಲೆ ಎಷ್ಟು ಊರುಗಳಲ್ಲಿ ಆ ಸಂಘದ ಸಭೆ ನಡೆಯುತ್ತಿದೆ, ಎಷ್ಟು ಕಡೆ ಠರಾವು ಪುಸ್ತಕ ಬರೆಯುತ್ತಿದ್ದಾರೆ ಎಂದು ನೀವೇ ನಾಲ್ಕು ಊರು ತಿರುಗಿ ಕೇಳಿ ಬನ್ನಿ. ಆ ಪುಸ್ತಕಗಳು ಯಾರದೋ ಮನೆಯ ಟ್ರಂಕಿನಲ್ಲಿ ಸಿಕ್ಕರೆ ತಂದು ಓದಿ. ನಿಮ್ಮ ಕೆರೆಯ ಅಳತೆ, ಅಚ್ಚುಕಟ್ಟು, ಯಾರು ಎಷ್ಟು ಕೊಟ್ಟರು ಎಲ್ಲವೂ ಅದರಲ್ಲಿದೆ. ಅಂದು ಮುಂದೆ ನಿಂತವರು ಇನ್ನೂ ಇದ್ದಾರೆ, ಕರೆದು ಕೂಡಿಸಿಕೊಳ್ಳಿ. ನೀವೇ ಮೊದಲಿಗರೆಂಬಂತೆ ಹೊಸ ಬ್ಯಾನರ್ ಕಟ್ಟಿದರೆ ಅವರು ಮನೆಯಲ್ಲೇ ಉಳಿಯುತ್ತಾರೆ.

ಹಿಂದಿನವರು ಈ ಹಣದ ಪ್ರಶ್ನೆಯನ್ನು ಬಿಡಿಸಿದ್ದರು. ನಮ್ಮ ನಾಡಿನ ಶಾಸನಗಳಲ್ಲಿ ದಶವಂದ, ಬಿತ್ತುವಟ್ಟ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿಸಿದವನಿಗೆ, ಕಾಪಾಡುವವನಿಗೆ ಅದೇ ಕೆರೆಯ ನೀರಿನಲ್ಲಿ ಬೆಳೆದದ್ದರ ಒಂದು ಪಾಲು ಅಥವಾ ಅಚ್ಚುಕಟ್ಟಿನ ಒಂದು ತುಂಡು ಭೂಮಿ. ಕೆರೆಯ ಖರ್ಚು ಕೆರೆಯಿಂದಲೇ ಹುಟ್ಟಬೇಕೆಂಬ ವಿವೇಕ ಅದು. ನೀವೂ ಹಾಗೇ ಯೋಚಿಸಿ. ಮೀನಿನ ಗುತ್ತಿಗೆಯ ಹಣದಲ್ಲಿ ಒಂದು ಪಾಲು ಕೆರೆಯ ದುರಸ್ತಿಗೇ ಮೀಸಲು ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಅಚ್ಚುಕಟ್ಟಿನವರು ಎಕರೆಗೆ ಇಷ್ಟು ಎಂದು ಸುಗ್ಗಿಯಲ್ಲಿ ಕೊಡಲಿ, ದುಡ್ಡಿಲ್ಲದಿದ್ದರೆ ಎರಡು ದಿನ ಮೈಮುರಿದು ದುಡಿಯಲಿ. ಲೆಕ್ಕವನ್ನು ಗುಡಿಯ ಗೋಡೆಗೆ ಹಚ್ಚಿ. ಖಜಾಂಚಿಯನ್ನಾಗಿ ಒಬ್ಬ ಹೆಣ್ಣುಮಗಳನ್ನು ಮಾಡಿ. ಸ್ತ್ರೀಶಕ್ತಿ ಸಂಘಗಳಲ್ಲಿ ವಾರ ವಾರ ಪೈಸೆ ಪೈಸೆ ಲೆಕ್ಕ ಒಪ್ಪಿಸಿ ಪಳಗಿದವರು ಅವರು. ನೀರು ಹೊರುವ ಕಷ್ಟವೂ ಅವರಿಗೇ ಗೊತ್ತು. ಕೆರೆಯ ಸಭೆಗೆ ಬರೀ ಹೊಲ ಇದ್ದವರು ಬರುತ್ತಾರೆ. ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಕುರಿಯವರು, ಹೊಲವಿಲ್ಲದ ಕೇರಿಯವರು ಬಾಗಿಲಲ್ಲೇ ನಿಲ್ಲುತ್ತಾರೆ. ಅವರನ್ನು ಒಳಗೆ ಕರೆದು ಮೊದಲ ಮಾತು ಅವರಿಂದ ಆಡಿಸಿ.

ನದಿ ನೀರಿನ ಆಸೆಯ ಬಗ್ಗೆಯೂ ಹೇಳಬೇಕು. ಶಿವಮೊಗ್ಗದ ಗಾಜನೂರಿನಿಂದ ಹೊರಟ ತುಂಗಾ ಮೇಲ್ದಂಡೆ ಕಾಲುವೆ ನಮ್ಮ ತಾಲ್ಲೂಕುಗಳಲ್ಲಿ ಹಾಯ್ದಿದೆ. ಆಣೂರು ಕೆರೆಗೆ ನದಿಯ ನೀರು ಬೇಕೆಂದು ಬ್ಯಾಡಗಿಯ ರೈತರು ಹೋರಾಡಿದರು, ನ್ಯಾಯವಾಗಿಯೇ ಹೋರಾಡಿದರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿದಾಗ ಅದರ ಬಿಸಿ ಎಷ್ಟೆಂದು ನಿಮಗೂ ನೆನಪಿದೆ. ನದಿಯಿಂದ ಪೈಪಿನಲ್ಲಿ ಬಂದ ನೀರನ್ನು ಬೇಡ ಎನ್ನುವವನು ನಾನಲ್ಲ. ನನ್ನ ಭಯ ಬೇರೆ. ಪೈಪಿನಿಂದ ಕೆರೆ ತುಂಬತೊಡಗಿದ ಮೇಲೆ ಊರವರು ಹಳ್ಳದ ಕಡೆ ನೋಡುವುದು ನಿಲ್ಲಿಸುತ್ತಾರೆ, ಗುಡ್ಡ ಯಾರಿಗೋ ಹೋದರೂ ಕೇಳುವವರಿಲ್ಲ. ಬರ ಬಂದ ವರ್ಷ ನದಿಯೂ ಸೊರಗಿರುತ್ತದೆ; ಅಣೆಕಟ್ಟಿನ ನೀರಿಗೆ ಕುಡಿಯುವವರ ಪಾಳಿ ಮೊದಲು, ನಮ್ಮ ಪಾಳಿ ಕೊನೆಗೆ. ಆದ್ದರಿಂದ ಪೈಪ್ ಬಂದ ಊರಿನವರು ಉಳಿದವರಿಗಿಂತ ಎರಡು ಪಾಲು ಹೆಚ್ಚು ಹಳ್ಳ ಕಾಯಬೇಕು.

ಮುಂದಿನ ಕೆಲಸಕ್ಕೆ ಹೊತ್ತು ಬಹಳ ಇಲ್ಲ. ರೋಹಿಣಿ ಮಳೆ ಬೀಳುವ ಮೊದಲು ಹಳ್ಳದ ಜಾಲಿ, ಕಸ ತೆಗೆದು ಮುಗಿಸಿರಬೇಕು. ಏರಿಯ ಮೇಲಿನ ಹುತ್ತ, ಹೆಗ್ಗಣದ ಬಿಲ ಎಲ್ಲೆಲ್ಲಿವೆ ಎಂದು ಗುರುತು ಹಾಕಿ ಜಿಗುಟು ಮಣ್ಣು ತುಂಬಿ ಗುದ್ದಬೇಕು. ನೋಟ್‌ಪುಸ್ತಕದ ಮೂರು ಅಂಕಣ ತುಂಬಿದ ಮೇಲೆ ಗ್ರಾಮಸಭೆ ಯಾವ ದಿನ ಎಂದು ಪಂಚಾಯಿತಿಯಲ್ಲಿ ಕೇಳಿಕೊಳ್ಳಿ. ಅಲ್ಲಿಗೆ ಗುಂಪಾಗಿ ಹೋಗಿ, ಕೂಗಾಡಬೇಡಿ, ಸರದಿ ಬಂದಾಗ ಎದ್ದು ನಿಂತು ಓದಿ. ನಕಾಶೆ ಮತ್ತು ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಪಿಡಿಒ ಸಾಹೇಬರ ಕೈಗೆ ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಮೇತ ಸಹಿ, ಸಿಕ್ಕಾ ಹಾಕಿಸಿಕೊಂಡೇ ಮನೆಗೆ ಬನ್ನಿ.